ಅಗ್ಗದ ಗಿಟಾರ್, ದುಬಾರಿ ಗಿಟಾರ್: ಬೆಲೆಯ ಅಂತರ ಎಲ್ಲಿದೆ?

ಹೊರದೇಶದಿಂದ ಬರುವ ಅಗ್ಗದ ಸರಕು ಹೆಸರಾಂತ ದುಬಾರಿ ಸರಕಿಗೆ ಸರಿಸಾಟಿಯಾಗಬಲ್ಲದೇ ಎಂಬ ಪ್ರಶ್ನೆ ವರ್ತಕ ಬಂಧುಗಳಿಗೆ ಹೊಸದಲ್ಲ. ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಎಲೆಕ್ಟ್ರಿಕ್ ಗಿಟಾರ್ ತಕ್ಕ ಉದಾಹರಣೆಯಾಗಿದೆ. ಕೃಷ್ಣರಾಜಪೇಟೆ, ನಾಗಮಂಗಲಗಳ ಅಂಗಡಿಗಳಿಗೆ ಇದು ದೂರದ ವಸ್ತುವೆಂದು ತೋರಬಹುದು. ಆದರೆ ಅದರ ಮರದ ನಂಟು ಕರ್ನಾಟಕದ ಕಾಡುಗಳವರೆಗೂ ಬರುತ್ತದೆ.

ಒಂದೇ ವಿನ್ಯಾಸ, ಎರಡು ಬೆಲೆ

ಅಮೆರಿಕದ ಫೆಂಡರ್ ಸಂಸ್ಥೆ 1954ರಲ್ಲಿ ಸ್ಟ್ರಾಟೋಕಾಸ್ಟರ್ ಗಿಟಾರನ್ನು ಹೊರತಂದಿತು. 1970ರ ದಶಕದಲ್ಲಿ ಜಪಾನಿನ ತಯಾರಕರು ಅಮೆರಿಕದ ವಿನ್ಯಾಸಗಳನ್ನು ಕಡಿಮೆ ಬೆಲೆಗೆ ನಕಲು ಮಾಡಿ ಮಾರುಕಟ್ಟೆಯನ್ನು ಆಕ್ರಮಿಸತೊಡಗಿದರು. ಫೆಂಡರ್ 1982ರಲ್ಲಿ ತಾನೇ ಜಪಾನಿನಲ್ಲಿ ಸ್ಕ್ವಯರ್ ಹೆಸರಿನ ಅಗ್ಗದ ಶ್ರೇಣಿಯನ್ನು ತಯಾರಿಸತೊಡಗಿತು. ಇಂದು ಸ್ಕ್ವಯರ್ ಗಿಟಾರುಗಳು ಇಂಡೋನೇಷ್ಯಾ, ಚೀನಾಗಳಲ್ಲಿ ತಯಾರಾಗುತ್ತವೆ. ದುಬಾರಿ ಶ್ರೇಣಿಯು ಕ್ಯಾಲಿಫೋರ್ನಿಯಾದ ಕೊರೋನಾದಲ್ಲಿ ತಯಾರಾಗುತ್ತದೆ. ಆಕಾರ ಒಂದೇ ಆದರೂ ಬೆಲೆಯ ಅಂತರ ಹಲವು ಪಟ್ಟು.

ಹಣ ಹೋಗುವುದೆಲ್ಲಿಗೆ?

ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುವುದು ಪಿಕಪ್, ಅಂದರೆ ಅಯಸ್ಕಾಂತ ಮತ್ತು ಅದರ ಸುತ್ತ ಸುತ್ತಿದ ತಾಮ್ರದ ತಂತಿ. ಮರವನ್ನು ಕೊರೆಯುವ ಕೆಲಸವನ್ನು ಈಗ ಎರಡೂ ಕಡೆ ಗಣಕನಿಯಂತ್ರಿತ ಯಂತ್ರಗಳೇ ಮಾಡುತ್ತವೆ. ಆದಕಾರಣ ಅಳತೆಯ ನಿಖರತೆಯಲ್ಲಿ ಅಗ್ಗದ ಗಿಟಾರು ಮೊದಲಿನಷ್ಟು ಹಿಂದುಳಿದಿಲ್ಲ. ವ್ಯತ್ಯಾಸ ಉಳಿದಿರುವುದು ಮುಕ್ತಾಯದ ಕೆಲಸದಲ್ಲಿ: ಲೋಹದ ಮೆಟ್ಟಿಲುಗಳ ತುದಿ ಕೈಗೆ ಚುಚ್ಚದಂತೆ ಉಜ್ಜುವುದು, ಶ್ರುತಿ ನಿಲ್ಲಿಸುವ ಬಿರಡೆಗಳ ಗುಣ, ಸ್ವಿಚ್ಚುಗಳ ಬಾಳಿಕೆ, ಹತ್ತು ಗಿಟಾರು ತೆಗೆದರೆ ಹತ್ತೂ ಒಂದೇ ಸಮನಾಗಿರುವುದು. ಉಳಿದ ಅಂತರ ಕಾರ್ಮಿಕರ ಕೂಲಿಯದು, ಹೆಸರಿನದು ಮತ್ತು ಮರುಮಾರಾಟದ ಬೆಲೆಯದು.

ಆದ್ದರಿಂದ ಉತ್ತರ ಸ್ಪಷ್ಟವಾಗಿದೆ. ಸರಿಯಾಗಿ ಹದಗೊಳಿಸಿದ ಅಗ್ಗದ ಗಿಟಾರು ಕಲಿಯುವವರಿಗೂ ಸಾಮಾನ್ಯ ವೇದಿಕೆಗೂ ಧಾರಾಳವಾಗಿ ಸಾಕು. ಬಾಳಿಕೆ ಮತ್ತು ಏಕರೂಪತೆಯಲ್ಲಿ ದುಬಾರಿಯದೇ ಮೇಲುಗೈ. ತಂತಿಯ ಎತ್ತರವನ್ನು ಸರಿಪಡಿಸಿಯೇ ಗ್ರಾಹಕರಿಗೆ ಕೊಡುವ ಅಂಗಡಿಯವರು ಈ ಅಂತರದ ಒಂದು ಪಾಲನ್ನು ತಾವೇ ತುಂಬಬಲ್ಲರು.

ಬೀಟೆ ಮತ್ತು ಮತ್ತಿ

ಬ್ರೆಜಿಲಿನ ರೋಸ್‌ವುಡ್ ದಿಮ್ಮಿ ದೊರೆಯುವುದು ಕಷ್ಟವಾದಾಗ, 1969ರ ಸುಮಾರಿಗೆ ಅಮೆರಿಕದ ಮಾರ್ಟಿನ್ ಸಂಸ್ಥೆ ತನ್ನ ಗಿಟಾರುಗಳಿಗೆ ಭಾರತದ ರೋಸ್‌ವುಡ್ಡನ್ನು ಆಶ್ರಯಿಸಿತು. ಅದು ನಮ್ಮ ಬೀಟೆಮರ. ಮೈಸೂರಿನ ಕುಸುರಿ ಕೆಲಸಕ್ಕೂ ಅದೇ ಆಧಾರ. ದುಬಾರಿ ಎಲೆಕ್ಟ್ರಿಕ್ ಗಿಟಾರುಗಳ ಬೆರಳುಹಲಗೆಗೂ ಬೀಟೆ ಬಳಕೆಯಲ್ಲಿದೆ. ಅನೇಕ ಅಗ್ಗದ ಗಿಟಾರುಗಳಲ್ಲಿ ಇಂಡಿಯನ್ ಲಾರೆಲ್ ಎಂಬ ಮರವನ್ನು ಬಳಸುತ್ತಾರೆ. ಅದು ನಾವು ಮನೆಯ ತೊಲೆ, ಬಾಗಿಲುಗಳಿಗೆ ಬಳಸುತ್ತ ಬಂದ ಮತ್ತಿಯ ಜಾತಿಯದೇ. ಎರಡೂ ಪಶ್ಚಿಮಘಟ್ಟದಲ್ಲಿ ಬೆಳೆಯುವ ಮರಗಳೇ ಆದರೂ ಗಿಟಾರಿನ ಬೆಲೆ ಹೆಚ್ಚುವುದು ಹಲಗೆಯಾದ ನಂತರದ ಕೆಲಸದಲ್ಲಿ.

ಕಾಗದಪತ್ರದ ಎಚ್ಚರ

ಅಮೆರಿಕದ ಅಧಿಕಾರಿಗಳು 2011ರಲ್ಲಿ ಗಿಬ್ಸನ್ ಗಿಟಾರ್ ಸಂಸ್ಥೆಯಲ್ಲಿ ಭಾರತದಿಂದ ಹೋದ ಮರವನ್ನು ವಶಪಡಿಸಿಕೊಂಡರು. ಆ ಹಲಗೆಗಳು ರಫ್ತಿಗೆ ನಿಷೇಧವಿರುವ ಸೀಳಿದ ಮರವೇ, ವಾದ್ಯದ ಬಿಡಿಭಾಗವೇ ಎಂಬ ವರ್ಗೀಕರಣವೇ ವಿವಾದದ ಮೂಲ. 2012ರ ಒಪ್ಪಂದದಲ್ಲಿ ಮಡಗಾಸ್ಕರ್ ಕರಿಮರದ ಪ್ರಕರಣಕ್ಕಾಗಿ ಸಂಸ್ಥೆ 3 ಲಕ್ಷ ಡಾಲರ್ ದಂಡ ತೆರಲು ಒಪ್ಪಿತು. ಭಾರತದ ಮರ ಹಿಂದಿರುಗಿತು. ಮುಂದೆ 2017ರ ಜನವರಿಯಲ್ಲಿ ಬೀಟೆಯೂ ಸೇರಿದಂತೆ ಅದರ ಕುಲದ ಬಹುತೇಕ ಮರಗಳು ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದ ನಿಯಂತ್ರಣಕ್ಕೆ ಒಳಪಟ್ಟವು. ಸಿದ್ಧ ವಾದ್ಯಗಳಿಗೂ ಬಿಡಿಭಾಗಗಳಿಗೂ ವಿನಾಯಿತಿ ದೊರೆತದ್ದು 2019ರ ನವೆಂಬರಿನಲ್ಲಿ. ಕಚ್ಚಾ ಮರಕ್ಕೆ ಆ ವಿನಾಯಿತಿ ಸಿಗಲಿಲ್ಲವೆಂಬುದು ಗಮನಾರ್ಹ.

ನಮಗೇನು ಪಾಠ?

ಬೆಲ್ಲದ ವ್ಯಾಪಾರ ಬಲ್ಲ ಮಂಡ್ಯ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದೇ ಕಬ್ಬಿನಿಂದ ಬಂದರೂ ಆಲೆಮನೆಯ ಪಾಕದ ಹದವೇ ಅಚ್ಚಿನ ಬೆಲೆಯನ್ನು ನಿರ್ಧರಿಸುತ್ತದೆ. ಅಗ್ಗದ ಆಮದಿನೊಡನೆ ಬೆಲೆಯಲ್ಲಷ್ಟೇ ಸೆಣಸಿದರೆ ಸಣ್ಣ ಉದ್ದಿಮೆದಾರರು ಉಳಿಯುವುದು ಕಷ್ಟ. ಕೊನೆಯ ಕೈಕೆಲಸ, ಪ್ರತಿ ನಗದಲ್ಲೂ ಒಂದೇ ಗುಣಮಟ್ಟ, ದೋಷವಿಲ್ಲದ ದಾಖಲೆ: ಈ ಮೂರನ್ನು ಕೈವಶ ಮಾಡಿಕೊಂಡವರಿಗೆ ಹಲಗೆಯ ಬೆಲೆಯಲ್ಲ, ಸಿದ್ಧವಸ್ತುವಿನ ಬೆಲೆ ದೊರೆಯುತ್ತದೆ.