ಎಳೆ ಗಿಡ ಬಾಡಿದೆಯೇ? ಔಷಧಿಗೆ ಮುಂಚೆ ಹುಳ ಯಾವುದೆಂದು ನೋಡಿ



ಸಂಘದಲ್ಲಿ ಸಾಲ ತೆಗೆದು ಬದುವಿನ ಮೇಲೆ ತೇಗ, ಹೆಬ್ಬೇವು, ಸಿಲ್ವರ್ ಸಸಿ ನೆಟ್ಟವರು ನಮ್ಮಲ್ಲಿ ಅನೇಕರಿದ್ದಾರೆ. ಸಸಿ ಜೋತು ಬಿದ್ದ ಕೂಡಲೇ ಅಂಗಡಿಗೆ ಹೋಗಿ "ಹುಳದ ಔಷಧಿ ಕೊಡಿ" ಅನ್ನುವುದು ರೂಢಿ. ಬೇರು ತಿನ್ನುವ ಹುಳಕ್ಕೆ ಎಲೆ ಮೇಲೆ ಔಷಧಿ ಹೊಡೆದರೆ ದುಡ್ಡೂ ಹೋಗುತ್ತೆ, ಗಿಡವೂ ಹೋಗುತ್ತೆ. ಸಾಲದ ಕಂತು ಮಾತ್ರ ಉಳಿಯುತ್ತೆ.

ಅರಿಶಿನಕುಂಟೆ ಸುತ್ತಮುತ್ತಲಿನ ಕೆಂಪು ಮಣ್ಣಿನಲ್ಲಿ ಎಳೆ ಗಿಡದ ಶತ್ರು ಹೆಚ್ಚಾಗಿ ಮಣ್ಣಿನೊಳಗೇ ಇರುತ್ತದೆ. ಆದ್ದರಿಂದ ಬಾಡಿದ ಒಂದು ಸಸಿಯನ್ನು ನಿಧಾನವಾಗಿ ಕಿತ್ತು ನೋಡಿ. ತಾಯಿಬೇರಿನ ಸಿಪ್ಪೆ ಹೋಗಿ ಮಣ್ಣು ಮೆತ್ತಿಕೊಂಡಿದ್ದರೆ ಅದು ಗೆದ್ದಲು. ಹಸಿ ಸಗಣಿ, ಕೊಳೆಯದ ಕಸ ಗುಂಡಿಗೆ ಹಾಕಿದರೆ ಗೆದ್ದಲನ್ನು ಊಟಕ್ಕೆ ಕರೆದ ಹಾಗೆ. ಚೆನ್ನಾಗಿ ಕಳಿತ ಗೊಬ್ಬರದ ಜೊತೆ ಬೇವಿನ ಹಿಂಡಿ ಹಾಕಿ. ದೊಡ್ಡ ಮರದ ಒಣ ತೊಗಟೆ ಮೇಲೆ ಗೆದ್ದಲಿನ ಮಣ್ಣು ಕಂಡರೆ ಮಾತ್ರ ಗಾಬರಿ ಬೇಡ, ಅಲ್ಲಿ ಅದು ಸತ್ತ ತೊಗಟೆಯನ್ನೇ ತಿನ್ನುತ್ತಿರುತ್ತದೆ.

ಸಸಿ ಎಳೆದ ತಕ್ಷಣ ಸಲೀಸಾಗಿ ಕೈಗೆ ಬಂದು, ಸಣ್ಣ ಬೇರುಗಳೇ ಇಲ್ಲದಿದ್ದರೆ ಅದು ಗೊಣ್ಣೆ ಹುಳುವಿನ ಕೆಲಸ. ಮಣ್ಣು ಕೆದಕಿದರೆ ಬಿಳಿ ಮೈ, ಕಂದು ತಲೆಯ ಹುಳು ಬಿಲ್ಲಿನ ಹಾಗೆ ಬಾಗಿ ಮಲಗಿರುತ್ತೆ. ಇದರ ತಾಯಿ ಕಂದು ದುಂಬಿ. ಮೊದಲ ಮಳೆ ಬಿದ್ದ ಮೇಲೆ ಮುಸ್ಸಂಜೆ ಹೊತ್ತು ಮಣ್ಣಿನಿಂದ ಎದ್ದು ಬೇವಿನ ಮರಕ್ಕೆ ಮುತ್ತುತ್ತದೆ. ಆಗ ಕೊಂಬೆ ಅಲ್ಲಾಡಿಸಿ, ಬಿದ್ದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬೇಕು. ಒಬ್ಬರೇ ಮಾಡಿದರೆ ಪ್ರಯೋಜನ ಕಡಿಮೆ, ಪಕ್ಕದ ಹೊಲದ ದುಂಬಿ ಹಾರಿ ಬರುತ್ತೆ. ಇದು ಸಂಘದವರೆಲ್ಲಾ ಸೇರಿ ಮಾಡುವ ಕೆಲಸ.

ಕಾಂಡದ ಕವಲಿನಲ್ಲಿ ಹಿಕ್ಕೆ, ತೊಗಟೆ ಪುಡಿ ಸೇರಿ ಬಲೆಯಂತೆ ಅಂಟಿಕೊಂಡಿದ್ದರೆ ಅದು ತೊಗಟೆ ತಿನ್ನುವ ಹುಳು. ಹಗಲು ತೂತಿನೊಳಗೆ ಅಡಗಿ ರಾತ್ರಿ ಮೇಯುತ್ತದೆ. ಬಲೆ ಗುಡಿಸಿ ತೆಗೆದು ತೂತಿಗೆ ತಂತಿ ಹಾಕಿ ತಿವಿಯಿರಿ, ಆಮೇಲೆ ಹಸಿ ಮಣ್ಣು ಮೆತ್ತಿ.

ಇನ್ನು ಎಲೆಯ ಗಂಟು. ಹೊಂಗೆ ಎಲೆ ಮೇಲಿನ ಗುಳ್ಳೆ ಹುಳದ್ದೇ ಅಲ್ಲ, ನುಸಿಯದು. ತೆಂಗಿನಕಾಯಿ ಕೆಡಿಸುವ ನುಸಿಯ ಜಾತಿಯದೇ. ನೋಡಲು ಅಸಹ್ಯ, ಆದರೆ ಗಿಡ ಸಾಯುವುದಿಲ್ಲ. ನೀಲಗಿರಿಯ ಗಂಟು ಬೇರೆ. ಅದು ಆಸ್ಟ್ರೇಲಿಯಾ ಮೂಲದ ಪುಟ್ಟ ಕಣಜ, ಸಾಸಿವೆ ಕಾಳಿಗಿಂತ ಚಿಕ್ಕದು. 2001ರಲ್ಲಿ ನಮ್ಮ ದೇಶದಲ್ಲಿ ಮೊದಲು ಕಾಣಿಸಿದ್ದು ಮಂಡ್ಯ ಜಿಲ್ಲೆಯಲ್ಲಿ. ಎಲೆಯ ನಡುನರ, ತೊಟ್ಟು, ಎಳೆ ಕಾಂಡದೊಳಗೆ ಮೊಟ್ಟೆ ಇಡುತ್ತದೆ, ಕುಡಿ ಮುರುಟಿ ಗಿಡ ಬೆಳೆಯುವುದೇ ಇಲ್ಲ. ಮರಿ ಗಂಟಿನೊಳಗೆ ಇರುವುದರಿಂದ ಹೊರಗೆ ಹೊಡೆದ ಔಷಧಿ ತಾಕುವುದಿಲ್ಲ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಹಳೇ ಬುಡದ ಚಿಗುರಿನಲ್ಲಿ ಈ ಗಂಟು ಕಂಡರೆ ಅದಕ್ಕಾಗಿ ಒಂದು ರೂಪಾಯಿಯೂ ಖರ್ಚು ಮಾಡಬೇಡಿ.

ಗುರುತು ಸಿಗದಿದ್ದರೆ ಹುಳ, ಬೇರು, ಎಲೆ ಮೂರನ್ನೂ ಡಬ್ಬಿಯಲ್ಲಿ ಹಾಕಿ ರೈತ ಸಂಪರ್ಕ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ. ಬೆಂಗಳೂರಿನ ಕಡೆ ಹೋಗುವವರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿಯೂ ವಿಚಾರಿಸಬಹುದು.