ಒಂದು ಕಿಟಕಿ, ಮೂರು ಅಗಲ

ರೋಲರ್ ಬ್ಲೈಂಡ್ ತರಿಸಲು ಹೊರಟವರ ಕೈಗೆ ಬರುವ ಅಳತೆಯ ಹಾಳೆಯಲ್ಲಿ ಮೊದಲ ಸೂಚನೆಯೇ ಓದುಗರನ್ನು ತಡೆದು ನಿಲ್ಲಿಸುತ್ತದೆ. ಕಿಟಕಿಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ, ಮೂರರಲ್ಲಿ ಚಿಕ್ಕದನ್ನು ಬರೆಯಿರಿ ಎನ್ನುತ್ತದೆ ಅದು. ಒಂದೇ ಕಿಟಕಿಗೆ ಮೂರು ಅಗಲ ಹೇಗೆ? ಅಳೆಯಲು ಬಾರದವರೆಂದು ತಿಳಿದು ಹೀಗೆ ಮೂರು ಸಲ ಅಳೆಸುತ್ತಿದ್ದಾರೆ ಎಂದು ಬಹಳ ಮಂದಿ ಭಾವಿಸಿ, ನಡುವೆ ಒಂದು ಸಲ ಟೇಪು ಹಿಡಿದು ಮುಗಿಸುತ್ತಾರೆ. ತಿಂಗಳೊಳಗೆ ಬಂದ ಬ್ಲೈಂಡ್ ಗೋಡೆಗೆ ಉಜ್ಜತೊಡಗಿದಾಗ ದೋಷವನ್ನು ತಮ್ಮ ಕೈಗೋ ಅಂಗಡಿಗೋ ಹೊರಿಸುತ್ತಾರೆ. ದೋಷ ಇಬ್ಬರದ್ದೂ ಅಲ್ಲ ಎಂಬುದು ನನ್ನ ವಾದ. ಬಡಗಿಯ ಕೈಯಲ್ಲಿದ್ದ ಅಳತೆ ಮನೆಯವರ ಕೈಗೆ ಬಂದದ್ದು ಒಂದು ಸ್ಪ್ರಿಂಗಿನ ದೆಸೆಯಿಂದ. ಬರುವಾಗ ಬಡಗಿಯ ಬಳಿ ಇದ್ದ ಒಂದು ಅನುಕೂಲ, ಹೊಂದದಿದ್ದರೆ ಅಲ್ಲೇ ಸರಿಪಡಿಸುವ ಅನುಕೂಲ, ಹಿಂದೆಯೇ ಉಳಿದುಹೋಯಿತು. ಆ ಕೊರತೆಯನ್ನು ತುಂಬಲು ಹುಟ್ಟಿದ್ದೇ ಮೂರು ಅಗಲದ ನಿಯಮ.

ನಮ್ಮ ಹಳೆಯ ಮನೆಗಳಲ್ಲಿ ಬೆಳಕು ತಡೆಯುವ ಕೆಲಸಕ್ಕೆ ಸಂಖ್ಯೆಯೇ ಬೇಕಿರಲಿಲ್ಲ. ದಪ್ಪ ಗೋಡೆಯ ನಡುವೆ ಮರದ ಚೌಕಟ್ಟು, ಅದಕ್ಕೆ ಸರಳು, ಒಳಕ್ಕೆ ತೆರೆಯುವ ಬಾಗಿಲು. ಮಲೆನಾಡು ಕರಾವಳಿಗಳ ಅನೇಕ ಮನೆಗಳಲ್ಲೂ ಮೈಸೂರು, ಬೆಂಗಳೂರುಗಳ ಹಳೆಯ ಬೀದಿಗಳಲ್ಲೂ ಈ ಬಾಗಿಲು ನಾಲ್ಕು ತುಂಡಾಗಿರುತ್ತಿತ್ತು, ಕೆಳಗೆರಡು, ಮೇಲೆರಡು. ಕೆಳಗಿನ ಜೋಡಿ ಮುಚ್ಚಿದರೆ ಬೀದಿಯ ಕಣ್ಣು ತಪ್ಪುತ್ತಿತ್ತು, ಮೇಲಿನ ಜೋಡಿ ತೆರೆದರೆ ಗಾಳಿ ಬೆಳಕು ಒಳಗೆ ಬರುತ್ತಿದ್ದವು. ಚೌಕಟ್ಟು ಮಾಡಿದವನೇ ಬಾಗಿಲನ್ನೂ ಮಾಡುತ್ತಿದ್ದ. ಚೌಕಟ್ಟು ಒಂದು ಬದಿಗೆ ಕೊಂಚ ವಾಲಿದ್ದರೆ ಬಾಗಿಲಿನ ಅಂಚಿಗೆ ಉಜ್ಜುಗೊರಡು ಹಿಡಿದು ಎರಡನ್ನೂ ಒಗ್ಗಿಸುತ್ತಿದ್ದ. ಬಿಸಿಲು ಜೋರಾದ ಜಗಲಿಗಳಿಗೆ ಬಿದಿರಿನ ಚಿಕ್ಕು, ಲಾವಂಚದ ತಟ್ಟಿ ಇಳಿಬೀಳುತ್ತಿದ್ದವು. ಚಿಕ್ಕು ಕೂಡ ಸುರುಳಿ ಸುತ್ತುವ ಪರದೆಯೇ. ಆದರೆ ಅದು ಹಗ್ಗದ ಬಲದಿಂದ ಕೆಳಗಿನಿಂದ ಮೇಲಕ್ಕೆ ಸುತ್ತಿಕೊಳ್ಳುತ್ತದೆ, ಎರಡು ಮೊಳೆಗೆ ತೂಗಿ ತೆರಪಿನ ಎರಡೂ ಬದಿಯನ್ನು ದಾಟಿ ಇಳಿಯುತ್ತದೆ. ಗೇಣುದ್ದ ಹೆಚ್ಚಾದರೂ ಅದು ತನ್ನ ಕೆಲಸ ಮಾಡುತ್ತದೆ. ಕಟ್ಟುನಿಟ್ಟಾದ ಅಳತೆ ನಮ್ಮವರಿಗೆ ಗೊತ್ತಿರಲಿಲ್ಲವೆಂದು ಇದರಿಂದ ತಿಳಿಯಬಾರದು. ಭೂದಾನದ ಶಾಸನಗಳು ಯಾವ ಗಳೆಯಿಂದ ಭೂಮಿ ಅಳೆದದ್ದೆಂದು ಹೆಸರಿಟ್ಟು ಹೇಳುತ್ತವೆ. ಬಳ್ಳಿಗಾವೆಯ ಕಡೆಯ ಭೇರುಂಡ ಗಳೆ ಅಂಥದ್ದು. ಕೊಡುವವ ಒಬ್ಬ, ಪಡೆಯುವವ ಇನ್ನೊಬ್ಬ ಆದ ಕಡೆ ಗಳೆ ಬೇಕಾಯಿತು. ಕಿಟಕಿಯ ಬಳಿ ಅಳೆಯುವವನೂ ಮಾಡುವವನೂ ಒಬ್ಬನೇ ಆಗಿದ್ದ.

ಅವರಿಬ್ಬರನ್ನು ಬೇರೆ ಮಾಡಿದ್ದರಲ್ಲಿ ಅಮೆರಿಕದ ಸ್ಟೀವರ್ಟ್ ಹಾರ್ಟ್ಸ್‌ಹಾರ್ನ್ ಅವರ ಪಾಲು ದೊಡ್ಡದು. ಬಟ್ಟೆ ಸುತ್ತಿದ ದಿಂಡನ್ನು ಕಿಟಕಿಯ ಮೇಲೆ ತೂಗಿ, ಹಗ್ಗ ರಾಟೆಗಳಿಂದ ಏರಿಸಿ ಇಳಿಸುವ ಪರದೆಗಳು ಮೊದಲೂ ಇದ್ದವು. 1864ರಲ್ಲಿ ಅವರು ಪೇಟೆಂಟ್ ಪಡೆದ ಸ್ಪ್ರಿಂಗ್ ರೋಲರಿನಲ್ಲಿ ಮರದ ದಿಂಡಿನ ಒಂದು ತುದಿಯನ್ನು ಕೊರೆದು ಒಳಗೆ ಸುರುಳಿ ಸ್ಪ್ರಿಂಗ್ ಇಟ್ಟಿದ್ದರು. ಬಟ್ಟೆ ಎಳೆದಂತೆ ಸ್ಪ್ರಿಂಗ್ ಬಿಗಿಯುತ್ತದೆ. ಕೈ ನಿಧಾನಿಸಿದರೆ ತುದಿಯಲ್ಲಿರುವ ಪುಟ್ಟ ಅಗುಳಿ ತನ್ನ ಭಾರದಿಂದಲೇ ಹಲ್ಲಿನೊಳಗೆ ಬಿದ್ದು ದಿಂಡನ್ನು ಹಿಡಿಯುತ್ತದೆ. ಮತ್ತೆ ಮೆಲ್ಲಗೆ ಜಗ್ಗಿ ಬಿಟ್ಟರೆ ಅಗುಳಿ ಕಳಚಿ ದಿಂಡು ವೇಗವಾಗಿ ತಿರುಗುತ್ತದೆ, ಆ ತಿರುಗುವ ರಭಸವೇ ಅಗುಳಿಯನ್ನು ಹೊರಗೆ ತಳ್ಳಿ ಹಲ್ಲಿಗೆ ಬೀಳದಂತೆ ಇಡುತ್ತದೆ. ನೇತಾಡುವ ಹಗ್ಗವಿಲ್ಲ, ಗೋಡೆಗೆ ಗಂಟು ಹಾಕಬೇಕಿಲ್ಲ. ಇಷ್ಟು ಚೊಕ್ಕವಾಗಿ ಯೋಚಿಸಿದ ಮನೆಬಳಕೆಯ ಯಂತ್ರಗಳು ಹೆಚ್ಚಿಲ್ಲ. ದಿಂಡಿನ ಒಂದು ತುದಿಯ ಮೊಳೆ ಚಪ್ಪಟೆ, ಇನ್ನೊಂದರದ್ದು ಗುಂಡು. ಚಪ್ಪಟೆ ಮೊಳೆ ತನ್ನ ಸೀಳಿನಲ್ಲಿ ತಿರುಗದೆ ಕುಳಿತು ಸ್ಪ್ರಿಂಗಿಗೆ ಆಧಾರವಾಗುತ್ತದೆ, ಗುಂಡು ಮೊಳೆ ತನ್ನ ತೂತಿನಲ್ಲಿ ತಿರುಗುತ್ತದೆ. ಸಮಸ್ಯೆ ಹುಟ್ಟುವುದು ಇಲ್ಲಿಯೇ. ಎರಡು ಬ್ರಾಕೆಟ್ಟುಗಳ ನಡುವಿನ ದೂರ ಹೆಚ್ಚಾದರೆ ದಿಂಡು ಕಳಚಿ ಬೀಳುತ್ತದೆ, ಕಡಿಮೆಯಾದರೆ ಬಿಗಿಯುತ್ತದೆ. ಗೇಣಿನ ಅಂತರವನ್ನು ಸಹಿಸುತ್ತಿದ್ದ ಪರದೆಯ ಜಾಗಕ್ಕೆ ಕಾಲಿಂಚನ್ನೂ ಸಹಿಸದ ಪರದೆ ಬಂತು.

ಮರದ ದಿಂಡು ಇದ್ದಷ್ಟು ಕಾಲ ಅಲ್ಪಸ್ವಲ್ಪ ಕ್ಷಮೆ ಉಳಿದಿತ್ತು. ಸ್ಪ್ರಿಂಗ್ ಇರುವುದು ಒಂದೇ ತುದಿಯಲ್ಲಾದ್ದರಿಂದ ಇನ್ನೊಂದು ತುದಿಯನ್ನು ಗರಗಸದಿಂದ ಕೊಯ್ದು ಕಿಟಕಿಗೆ ಹೊಂದಿಸಬಹುದಿತ್ತು. ಅಲ್ಯೂಮಿನಿಯಂ ಕೊಳವೆ ಬಂದ ಮೇಲೆ ಆ ಕೊಯ್ತವೂ ಕಾರ್ಖಾನೆಗೆ ಹೋಯಿತು. ಇಂದು ಕೊಳವೆ, ಬಟ್ಟೆ, ಕೆಳಗಿನ ಪಟ್ಟಿ ಮೂರೂ ಕಿಟಕಿಯನ್ನು ಎಂದೂ ನೋಡದವರ ಮೇಜಿನ ಮೇಲೆ ಕತ್ತರಿಸಲ್ಪಡುತ್ತವೆ. ಬಡಗಿ ತೆರಪಿಗೆ ಹಿಡಿದು ಗುರುತು ಹಾಕಿಕೊಳ್ಳುವ ಕಡ್ಡಿಯನ್ನು ಅಂಚೆಯಲ್ಲಿ ಕಳಿಸಲಾಗದು, ಸಂಖ್ಯೆಯನ್ನು ಕಳಿಸಬಹುದು. ಅಮೆರಿಕದಲ್ಲಿ ಮಾಂಟ್ಗೊಮರಿ ವಾರ್ಡ್ ಅಂಚೆಯ ಮೂಲಕ ವ್ಯಾಪಾರ ತೆರೆದದ್ದು 1872ರಲ್ಲಿ. ಮನೆಯವರ ಕೈಗೆ ನಂಬಬಹುದಾದ ಟೇಪು ಬಂದದ್ದೂ ಅದೇ ಶತಮಾನದಲ್ಲಿ. ಇಂಗ್ಲೆಂಡಿನ ಶೆಫೀಲ್ಡಿನ ಜೇಮ್ಸ್ ಚೆಸ್ಟರ್‌ಮನ್ 1829ರಲ್ಲೇ ಸ್ಪ್ರಿಂಗಿನಿಂದ ಒಳಸರಿಯುವ ಟೇಪಿಗೆ ಪೇಟೆಂಟ್ ಪಡೆದಿದ್ದರು. ಎಳೆದಲ್ಲೇ ನಿಲ್ಲಿಸುವ ಏರ್ಪಾಡಿಗೆ ಆಲ್ವಿನ್ ಫೆಲೋಸ್ 1868ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಅಡ್ಡಕ್ಕೆ ಚೂರು ಬಾಗಿಸಿದ, ಹಾಗಾಗಿ ಆಧಾರವಿಲ್ಲದೆಯೂ ನೆಟ್ಟಗೆ ಚಾಚುವ ಪಟ್ಟಿಯ ಪೇಟೆಂಟ್ ಹೈರಮ್ ಫ್ಯಾರಂಡ್ ಅವರ ಹೆಸರಿನಲ್ಲಿ 1922ರದು. ಈ ಕೊನೆಯದು ಬಂದ ಮೇಲೆಯೇ ಒಬ್ಬರೇ ನಿಂತು ಕಿಟಕಿ ಅಳೆಯುವುದು ಸಲೀಸಾಯಿತು. ಸ್ಪ್ರಿಂಗ್ ಬ್ಲೈಂಡೂ ಸ್ಪ್ರಿಂಗ್ ಟೇಪೂ ಒಂದೇ ಕಾಲದ, ಬಹುಮಟ್ಟಿಗೆ ಒಂದೇ ಬುದ್ಧಿಯ ಮಕ್ಕಳು. ಟೇಪಿನ ತುದಿಯ ಕೊಕ್ಕೆ ಅಲುಗಾಡುವುದನ್ನು ಕಂಡು ಅದು ಕೆಟ್ಟಿದೆ ಎಂದು ಗುದ್ದಿ ಬಿಗಿಗೊಳಿಸುವವರಿದ್ದಾರೆ. ಅದು ತನ್ನ ದಪ್ಪದಷ್ಟೇ ಅಲುಗಾಡುವಂತೆ ಮಾಡಿರುತ್ತಾರೆ. ಹೊರಗಿನಿಂದ ಸಿಕ್ಕಿಸಿ ಎಳೆದರೂ, ಒಳಗೆ ಗೋಡೆಗೆ ಒತ್ತಿ ಹಿಡಿದರೂ ಸೊನ್ನೆ ಸೊನ್ನೆಯಾಗಿಯೇ ಉಳಿಯಲೆಂದು. ಕಿಟಕಿಯ ಒಳ ಅಳತೆಗೆ ಆ ಅಲುಗಾಟ ಬೇಕೇ ಬೇಕು.

ಇನ್ನು ಕಿಟಕಿಯ ಕಡೆಗೆ ಬರೋಣ. ಬ್ಲೈಂಡ್ ಕೂರುವ ಗೂಡು, ಅಂದರೆ ಚೌಕಟ್ಟಿನಿಂದ ಒಳಗೋಡೆಯ ಅಂಚಿನವರೆಗಿನ ಜಾಗ, ಇಟ್ಟಿಗೆ ಮತ್ತು ಗಾರೆಯಿಂದ ಆದದ್ದು. ಒಳಗೋಡೆಗೆ ಸಾಮಾನ್ಯವಾಗಿ 12 ಮಿ.ಮೀ. ದಪ್ಪಕ್ಕೆ ಗಾರೆ ಹಚ್ಚುತ್ತಾರೆ. ಕರಣೆ ಹಿಡಿದ ಕೈ ಮೇಲೆ ಕೊಂಚ ತೆಳುವಾಗಿ, ಮೂಲೆಯಲ್ಲಿ ಕೊಂಚ ದಪ್ಪವಾಗಿ ಎಳೆಯುವುದು ಸಹಜ, ಅದರ ಮೇಲೆ ಪುಟ್ಟಿ, ಬಣ್ಣ ಬೇರೆ. ಎರಡು ಬದಿಯದ್ದೂ ಸೇರಿದರೆ ಅಗಲದಲ್ಲಿ ಐದಾರು ಮಿಲಿಮೀಟರ್ ವ್ಯತ್ಯಾಸ ಬರುವುದು ಕಳಪೆ ಕೆಲಸದ ಗುರುತೇನಲ್ಲ, ಅದು ಕೈಕೆಲಸದ ಗುರುತು. ಕೊಳವೆ ಮೇಲ್ತುದಿಯಲ್ಲಿ ಹಿಡಿದರಷ್ಟೇ ಸಾಲದು, ಅದರಿಂದ ಇಳಿಯುವ ಬಟ್ಟೆ ಮತ್ತು ಕೆಳಪಟ್ಟಿ ತಳದವರೆಗೂ ಸಾಗಬೇಕು. ಆದ್ದರಿಂದಲೇ ಅಗಲದಲ್ಲಿ ಚಿಕ್ಕದಕ್ಕೆ ಮನ್ನಣೆ. ಎತ್ತರದ ಮಾತು ಬೇರೆ. ಬಟ್ಟೆ ಹೆಚ್ಚಾದರೆ ಕೊಳವೆಯ ಮೇಲೆ ಸುತ್ತಿಕೊಂಡೇ ಉಳಿಯುತ್ತದೆ, ಯಾರಿಗೂ ಕಾಣದು. ಕಡಿಮೆಯಾದರೆ ತಳದಲ್ಲಿ ಬೆಳಕಿನ ಗೆರೆ ಉಳಿಯುತ್ತದೆ. ಆದ್ದರಿಂದ ಎತ್ತರದಲ್ಲಿ ದೊಡ್ಡದೇ ಸರಿ. ಈ ಕಾರಣ ಗೊತ್ತಿಲ್ಲದೆ ನಿಯಮವನ್ನಷ್ಟೇ ನೆನಪಿಟ್ಟವರು ಎರಡನ್ನೂ ಅದಲುಬದಲು ಮಾಡುತ್ತಾರೆ.

ಮೂರು ಅಗಲವೂ ಒಂದೇ ಬಂದರೆ ಕಿಟಕಿ ಸರಿಯಾಗಿದೆ ಎಂದು ತೀರ್ಮಾನಿಸಬಹುದೇ? ಆಗದು. ಈ ಪ್ರಶ್ನೆಯನ್ನು ಅನೇಕ ಹಾಳೆಗಳು ಕೇಳುವುದೇ ಇಲ್ಲವೆಂಬುದು ನನ್ನ ದೂರು. 1200 ಮಿ.ಮೀ. ಅಗಲ, 1500 ಮಿ.ಮೀ. ಎತ್ತರದ ಗೂಡೊಂದು ಇಡಿಯಾಗಿ ಒಂದು ಬದಿಗೆ 10 ಮಿ.ಮೀ. ವಾಲಿದೆ ಎನ್ನಿ. ಮೇಲೆ, ನಡುವೆ, ಕೆಳಗೆ ಎಲ್ಲಿ ಅಳೆದರೂ 1200 ಬರುತ್ತದೆ. ಆದರೆ ಬಟ್ಟೆ ತೂಗುಗುಂಡಿನಂತೆ ನೆಟ್ಟಗೆ ಇಳಿಯುವುದರಿಂದ ತಳಕ್ಕೆ ಬರುವಾಗ ಒಂದು ಬದಿಯ ಗೋಡೆಗೆ 10 ಮಿ.ಮೀ. ಹತ್ತಿರವಾಗಿರುತ್ತದೆ. ಈ ವಾಲಿಕೆಯನ್ನು ಹಿಡಿದುಕೊಡುವುದು ಮೂಲೆಯಿಂದ ಮೂಲೆಗೆ ತೆಗೆದ ಎರಡು ಕರ್ಣಗಳು. ಚೌಕವಾದ ಗೂಡಿನಲ್ಲಿ ಎರಡೂ ಸುಮಾರು 1921 ಮಿ.ಮೀ. ಬರಬೇಕು, ವಾಲಿದ್ದರಲ್ಲಿ ಒಂದು 1927, ಇನ್ನೊಂದು 1915. ನಮ್ಮ ಮೇಸ್ತ್ರಿಗಳು ಪಾಯದ ಮೂಲೆ ನೋಡುವಾಗ ಇಂದಿಗೂ ಕರ್ಣಕ್ಕೆ ದಾರ ಎಳೆಯುತ್ತಾರೆ. ಕಿಟಕಿಗೂ ಅದೇ ಪರೀಕ್ಷೆ ಸಲ್ಲುತ್ತದೆ.

ಈಗಿನದು ಯುಪಿವಿಸಿ ಕಿಟಕಿ, ಯಂತ್ರದಲ್ಲಿ ಕತ್ತರಿಸಿ ಬೆಸುಗೆ ಹಾಕಿದ್ದು, ಅದಕ್ಕೂ ಇಷ್ಟೆಲ್ಲ ಬೇಕೇ ಎಂಬ ಆಕ್ಷೇಪಕ್ಕೆ ಉತ್ತರ ಇಲ್ಲೇ ಇದೆ. ಚೌಕಟ್ಟು ಯಂತ್ರದ್ದು, ಸುತ್ತಲಿನ ಗೂಡು ಕೈಯದ್ದು, ಬ್ಲೈಂಡ್ ಕೂರುವುದು ಗೂಡಿನಲ್ಲಿ. ಲೇಸರ್ ಮಾಪಕ ಇದೆಯಲ್ಲ ಎಂದರೆ, ಅದು ತನ್ನ ಚುಕ್ಕಿ ಬಿದ್ದ ಜಾಗವನ್ನು ಬಹಳ ನಿಖರವಾಗಿ ಹೇಳುತ್ತದೆ. ಪಕ್ಕದ ಉಬ್ಬನ್ನು ಹೇಳಲು ಅದನ್ನೂ ಮೂರು ಕಡೆ ಹಿಡಿಯಲೇಬೇಕು.

ಹೆಚ್ಚು ಹಣ ಹಾಳಾಗುವುದು ಇವೆಲ್ಲಕ್ಕಿಂತ ಸರಳವಾದ ಇನ್ನೊಂದು ತಪ್ಪಿನಲ್ಲಿ. ಹಾಳೆಯಲ್ಲಿ ಬರೆಯುವ ಅಗಲ ಗೂಡಿನದೋ ಬ್ಲೈಂಡಿನದೋ? ಗೂಡಿನ ಅಳತೆ ಎಂದು ಹೇಳಿದರೆ ತಯಾರಕರು ತಾವೇ ಕೆಲವು ಮಿಲಿಮೀಟರ್ ಕಳೆದು ಬ್ರಾಕೆಟ್ಟು ಕೂರುವಂತೆ ಮಾಡುತ್ತಾರೆ. ಬ್ಲೈಂಡಿನ ಅಳತೆ ಎಂದರೆ ಬರೆದಷ್ಟೇ ಬರುತ್ತದೆ. ಮನೆಯಲ್ಲಿ ಒಮ್ಮೆ ಕಳೆದು, ಕಾರ್ಖಾನೆಯಲ್ಲಿ ಮತ್ತೊಮ್ಮೆ ಕಳೆದರೆ ಬ್ಲೈಂಡ್ ಸಡಿಲ, ಇಬ್ಬರೂ ಕಳೆಯದಿದ್ದರೆ ಅದು ಒಳಗೇ ಹೋಗದು. ಬಟ್ಟೆಯಂತೂ ಒಟ್ಟು ಅಗಲಕ್ಕಿಂತ 3ರಿಂದ 4 ಸೆಂ.ಮೀ. ಕಿರಿದಾಗಿಯೇ ಇರುತ್ತದೆ, ಏಕೆಂದರೆ ಈಗಿನ ಬ್ಲೈಂಡನ್ನು ಏರಿಳಿಸುವ ಸರಪಳಿಯ ಗಾಲಿಗೂ ಎದುರು ಬದಿಯ ಮೊಳೆಗೂ ಜಾಗ ಬೇಕು. ಎರಡೂ ಬದಿ ಬೆಳಕಿನ ಗೆರೆ ಕಾಣುವುದು ಹಾಗಾಗಿ, ಅದು ಅಳತೆಯ ತಪ್ಪಲ್ಲ. ಪೂರ್ತಿ ಕತ್ತಲೆ ಬೇಕಾದ ಮಲಗುವ ಕೋಣೆಗೆ ಗೂಡಿನ ಹೊರಗೆ, ಗೋಡೆಯ ಮೇಲೆಯೇ ಬ್ಲೈಂಡ್ ಹಾಕಿ ಬಟ್ಟೆ ಎರಡೂ ಬದಿ ಏಳೆಂಟು ಸೆಂ.ಮೀ. ದಾಟುವಂತೆ ಮಾಡುವುದು ಲೇಸು. ಒಳಕ್ಕೆ ತೆರೆಯುವ ಬಾಗಿಲಿರುವ ಹಳೆಯ ಕಿಟಕಿಗಳಿಗೂ ಹೊರಗಿನ ಜೋಡಣೆಯೇ ಗತಿ, ಗೂಡಿನೊಳಗೆ ಇಳಿದ ಬ್ಲೈಂಡಿಗೆ ಬಾಗಿಲು ಬಡಿಯುತ್ತದೆ.

ಇನ್ನೊಂದು ತೊಡಕು ನಮ್ಮ ದೇಶದ್ದೇ. ಮೆಟ್ರಿಕ್ ಪದ್ಧತಿಯ ಕಾಯ್ದೆ 1956ರಲ್ಲೇ ಬಂದರೂ ಕಿಟಕಿ ಇಂದಿಗೂ ಅಡಿಯ ಲೆಕ್ಕದಲ್ಲೇ ಹೆಸರು ಪಡೆಯುತ್ತದೆ. ನಾಲ್ಕಡಿ ಕಿಟಕಿ ಎಂದರೆ ಇಟ್ಟಿಗೆ ಕಟ್ಟುವಾಗ ಬಿಟ್ಟ ತೆರಪು, 1219 ಮಿ.ಮೀ. ಗಾರೆ ಬಿದ್ದ ಮೇಲೆ ಅದು ಅಷ್ಟಿರುವುದಿಲ್ಲ. ಉತ್ತರದಿಂದ ಬಂದ ಬಡಗಿಗಳು ಇಂಚಿನ ಎಂಟನೇ ಒಂದು ಪಾಲನ್ನು ಸೂತ್ ಎನ್ನುತ್ತಾರೆ, ಅದು ಹಾಳೆಯ ಮೇಲೆ ಹತ್ತುವುದೇ ಇಲ್ಲ. ಅಡಿಯ ಮುಂದೆ ಚುಕ್ಕಿ ಇಟ್ಟು 4.10 ಎಂದು ಬರೆದದ್ದನ್ನು ಮನೆಯವರು 4 ಅಡಿ 10 ಇಂಚು ಎಂದುಕೊಂಡರೆ ಅದು 1473 ಮಿ.ಮೀ., ಕಂಪ್ಯೂಟರು ದಶಮಾಂಶವೆಂದು ಓದಿದರೆ 1250 ಮಿ.ಮೀ. ಸುಮಾರು 22 ಸೆಂ.ಮೀ. ಒಂದು ಚುಕ್ಕಿಯಲ್ಲಿ ಕಳೆದುಹೋಯಿತು. ಬೇರೇನೂ ನೆನಪಿಲ್ಲದಿದ್ದರೂ ಮಿಲಿಮೀಟರಿನಲ್ಲಿ ಬರೆಯಿರಿ, ಅಗಲ ಮೊದಲು, ಎತ್ತರ ಆಮೇಲೆ.

ಇಷ್ಟು ತಾಪತ್ರಯವಿರುವ ವಸ್ತುವಿಗಿಂತ ಸಾದಾ ಕರ್ಟನ್ ವಾಸಿಯಲ್ಲವೇ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಕರ್ಟನ್ನಿನ ಬಟ್ಟೆ ತೆರಪಿನ ಒಂದೂವರೆ ಎರಡು ಪಟ್ಟು ಇರುತ್ತದೆ, ಎಲ್ಲ ವಾಲಿಕೆಯನ್ನೂ ಅದರ ಮಡಿಕೆ ನುಂಗುತ್ತದೆ. ಕರ್ಣಗಳು ಬಹಳ ಬೇರೆಯಾದ ಕಿಟಕಿಗೆ ನಾನೂ ಕರ್ಟನ್ನನ್ನೇ ಹೇಳುವೆ. ಆದರೆ ಅಡುಗೆಕಟ್ಟೆಯ ಮೇಲಿನ ಕಿಟಕಿಯಲ್ಲಿ, ಓದುವ ಮೇಜಿನ ಹಿಂದೆ, ಮಡಿಕೆಗೆ ಜಾಗವಿಲ್ಲದ ಕಿರುಕೋಣೆಯಲ್ಲಿ ಚಪ್ಪಟೆಯಾಗಿ ಇಳಿದು ಮೇಲೆ ಸುತ್ತಿಕೊಳ್ಳುವ ಬಟ್ಟೆಗೆ ಸಾಟಿಯಿಲ್ಲ. ಅಂಗಡಿಯವರೇ ಬಂದು ಅಳೆಯಲಿ ಎಂಬ ಇನ್ನೊಂದು ಮಾತನ್ನೂ ತಳ್ಳಿಹಾಕಲಾರೆ. ಬಹಳ ಅಗಲದ ಕಿಟಕಿಗೆ ಅದೇ ಸರಿ. ಅದೇ ಕೊಳವೆಯ ಉದ್ದವನ್ನು ಎರಡು ಪಟ್ಟು ಮಾಡಿದರೆ ನಡುವಿನ ಜೋಲು ಹದಿನಾರು ಪಟ್ಟಾಗುತ್ತದೆ, ಬಟ್ಟೆಯಲ್ಲಿ ಓರೆ ನಿರಿಗೆ ಮೂಡುತ್ತದೆ. ಅಲ್ಲಿ ದಪ್ಪ ಕೊಳವೆ ಬೇಕೋ ಎರಡು ಬ್ಲೈಂಡ್ ಬೇಕೋ ಎಂಬುದನ್ನು ಬಲ್ಲವರೇ ಹೇಳಬೇಕು. ಅವರೇ ಅಳೆದರೆ ತಪ್ಪಿನ ಹೊಣೆಯೂ ಅವರದ್ದೇ. ಆದರೂ ಬೆಲೆ ಚದರಡಿಯ ಲೆಕ್ಕದಲ್ಲಿ ಹೇಳುವ ಮಾರುಕಟ್ಟೆಯಲ್ಲಿ ತಮ್ಮ ಕಿಟಕಿಯ ಚದರಡಿ ಎಷ್ಟೆಂದು ತಿಳಿಯದೆ ಯಾರ ದರವನ್ನು ಯಾರದ್ದರೊಡನೆ ಹೋಲಿಸುವುದು?

ಅಳೆಯಲು ಬಂದವರಿಗೆ ಕಾಣದ ಅಳತೆಯೂ ಒಂದಿದೆ. ಹಾರ್ಟ್ಸ್‌ಹಾರ್ನ್ ತೆಗೆದುಹಾಕಿದ್ದ ನೇತಾಟ ಮಣಿಸರಪಳಿಯ ರೂಪದಲ್ಲಿ ಮರಳಿ ಬಂದಿದೆ. ಉಂಗುರದಂತೆ ಇಳಿಬಿದ್ದ ಸರಪಳಿ ಚಿಕ್ಕ ಮಕ್ಕಳ ಕುತ್ತಿಗೆಗೆ ಸುತ್ತಿ ಪ್ರಾಣ ತೆಗೆದ ಪ್ರಕರಣಗಳಿಂದಾಗಿ ಯುರೋಪಿನ ಮಾನದಂಡವನ್ನು 2014ರಲ್ಲಿ ಬಿಗಿಗೊಳಿಸಿದರು. ಸರಪಳಿಯ ಕೆಳತುದಿ ನೆಲದಿಂದ 1.5 ಮೀಟರ್ ಮೇಲಿರಬೇಕು, ಇಲ್ಲವೇ ಅದನ್ನು ಗೋಡೆಗೆ ಬಿಗಿಯಾಗಿ ಹಿಡಿದಿಡಬೇಕು, ಇಲ್ಲವೇ ಭಾರ ಬಿದ್ದೊಡನೆ ಅದು ಬಿಚ್ಚಿಕೊಳ್ಳಬೇಕು. ನಮ್ಮ ಮನೆಗಳ ಮಕ್ಕಳ ಕುತ್ತಿಗೆ ಬೇರೆಯಲ್ಲ. ಆದ್ದರಿಂದ ಟೇಪನ್ನು ಕಿಟಕಿಯ ಹೊಸ್ತಿಲಿಗೇ ನಿಲ್ಲಿಸದೆ ನೆಲದವರೆಗೂ ಇಳಿಸಿ ಆ ಎತ್ತರವನ್ನೂ ಬರೆದುಕೊಳ್ಳಬೇಕು. ಸರಪಳಿ ಎಡಕ್ಕೋ ಬಲಕ್ಕೋ ಎಂದು ಹಾಳೆ ಕೇಳುವಾಗ ಮಗುವಿನ ಮಂಚ ಯಾವ ಬದಿಗಿದೆ, ಹತ್ತಿ ನಿಲ್ಲಬಹುದಾದ ಕುರ್ಚಿ ಎಲ್ಲಿರುತ್ತದೆ ಎಂದು ನೋಡಿ ಉತ್ತರಿಸಬಲ್ಲವರು ಆ ಕೋಣೆಯಲ್ಲಿ ಬಾಳುವವರು ಮಾತ್ರ.