ಮೂರೇ ಬಣ್ಣಗಳ ಮಾರಿಯೊ

ಕೆಂಪು ಟೊಪ್ಪಿಗೆ, ದಟ್ಟ ಮೀಸೆ, ಗುಂಡು ಮೂಗು. ವಿಡಿಯೊ ಆಟದ ಈ ಕುಳ್ಳ ವೀರ ಮಾರಿಯೊನನ್ನು ಅರಿಯದ ಮಕ್ಕಳು ವಿರಳ. ಆದರೆ ಅವನಿಗೆ ಮೀಸೆ ಬಂದದ್ದು ಸೊಗಸಿಗಾಗಿ ಅಲ್ಲ, ಸ್ಥಳಾಭಾವದಿಂದ ಎಂದರೆ ವಾಚಕರಿಗೆ ಸೋಜಿಗವೆನಿಸೀತು!

1981ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯ 'ಡಾಂಕಿ ಕಾಂಗ್' ಆಟಕ್ಕಾಗಿ ಶಿಗೆರು ಮಿಯಾಮೊಟೊ ಅವನನ್ನು ರೂಪಿಸಿದರು. ದೊರೆತ ಜಾಗವೋ ಅಡ್ಡಕ್ಕೂ ಉದ್ದಕ್ಕೂ 16 ಚುಕ್ಕಿಗಳು. ಪಿಕ್ಸೆಲ್ ಎಂಬ ಈ ಚೌಕ ಚುಕ್ಕಿಗಳಲ್ಲಿ ಬಾಯಿ ಬರೆಯುವುದು ದುಸ್ತರ. ಮೀಸೆಯಿಟ್ಟರೆ ಬಾಯಿಯ ಗೊಡವೆಯಿಲ್ಲ. ಕೂದಲ ತೊಡಕನ್ನು ಟೊಪ್ಪಿಗೆ ಮುಚ್ಚಿತು. ಎಳೆ ಎಣಿಸಿ ಕಸೂತಿ ಹಾಕಬಲ್ಲ ಗೃಹಿಣಿಗೆ ಈ ಇಕ್ಕಟ್ಟು ಹೊಸದೇನಲ್ಲ.

ಹಿನ್ನೆಲೆಯ ಮೇಲೆ ಬೇರೆಯಾಗಿ ಚಲಿಸುವ ಇಂತಹ ಪುಟ್ಟ ಚಿತ್ರಕ್ಕೆ ಸ್ಪ್ರೈಟ್ ಎಂದು ಹೆಸರು. 1983ರಲ್ಲಿ ಬಂದ ಫ್ಯಾಮಿಕಾಂ ಯಂತ್ರದಲ್ಲಿ ಒಂದು ಸ್ಪ್ರೈಟಿಗೆ ಮೂರೇ ಬಣ್ಣ; ನಾಲ್ಕನೆಯದು ಹಿನ್ನೆಲೆ ಕಾಣಲು ಬಿಟ್ಟ ಬಯಲು. 1985ರ 'ಸೂಪರ್ ಮಾರಿಯೊ ಬ್ರದರ್ಸ್' ಆಟದಲ್ಲಿ ಈ ಬಡತನವನ್ನು ನಿಭಾಯಿಸಿದ ಜಾಣ್ಮೆ ನೋಡತಕ್ಕದ್ದು. ಕೂದಲು, ಕಣ್ಣು, ಮೀಸೆ, ಅಂಗಿ, ಬೂಟು ಎಲ್ಲಕ್ಕೂ ಒಂದೇ ಕಂದು. ಮುಖದ ಬಣ್ಣವೇ ಗುಂಡಿಗಳಿಗೂ ಸಾಕಾಯಿತು. ಉಳಿದ ಕೆಂಪು ಟೊಪ್ಪಿಗೆಗೂ ಉಡುಪಿಗೂ. ನೆರಳೆಂಬುದೇ ಇಲ್ಲ, ಆದರೂ ಮುಖ ಮುಖದಂತೆ ತೋರುತ್ತದೆ, ತಿಳಿನೀಲಿ ಆಕಾಶದೆದುರು ಕೆಂಪು ಎದ್ದು ಕಾಣುತ್ತದೆ. ತಮ್ಮ ಲುಯಿಜಿಗೂ ಅವೇ ಚುಕ್ಕಿಗಳು, ಬಣ್ಣ ಮಾತ್ರ ಬೇರೆ. ಬಿಳಿಯಲ್ಲಿ ಮೋಡವಾದ ಆಕಾರವೇ ಹಸಿರಿನಲ್ಲಿ ಪೊದೆ! ವರ್ಷಗಟ್ಟಲೆ ಆಡಿದವರಲ್ಲೂ ಇದನ್ನು ಗಮನಿಸದವರುಂಟು.

1990ರ ಸೂಪರ್ ಫ್ಯಾಮಿಕಾಂ ಯಂತ್ರ ಒಂದು ಸ್ಪ್ರೈಟಿಗೆ 15 ಬಣ್ಣಗಳನ್ನು ಕೊಟ್ಟಿತು. ನೆರಳು ಬೆಳಕಿಗೆ ಈಗ ಎಡೆಯಾಯಿತು. ಆದರೆ ಸಿರಿ ಬಂದಲ್ಲಿ ದುಂದು ಬರುವುದೂ ಸಹಜವೇ. ಹೊಸಬರು ಆಕೃತಿಯ ಅಂಚಿನ ಸುತ್ತ ಕಪ್ಪಾಗಿಸಿ ನಡುವೆ ಬಿಳುಪೇರಿಸುತ್ತಾರೆ. ಆಗ ಕೈ, ಕಾಲು, ಕತ್ತಿ ಎಲ್ಲವೂ ಹತ್ತಿ ತುಂಬಿದ ದಿಂಬಿನಂತೆ ಉಬ್ಬುತ್ತವೆ. ಬೆಳಕು ಯಾವ ಕಡೆಯಿಂದ ಬೀಳುತ್ತದೆಂದು ಮೊದಲೇ ನಿಶ್ಚಯಿಸಿ, ಅದರೆದುರು ಬದಿಗೆ ನೆರಳಿಟ್ಟರೆ ಮಾತ್ರ ದೇಹಕ್ಕೆ ಘನತೆ ಬರುವುದು.

ನೆರಳಿನ ಬಣ್ಣದ ಆಯ್ಕೆ ಇನ್ನೂ ಸೂಕ್ಷ್ಮ. ಕೆಂಪಿಗೆ ಕಪ್ಪು ಬೆರೆಸಿದರೆ ಮಸಿ ಹಿಡಿದಂತಾಗುತ್ತದೆ. ಬಲ್ಲವರು ನೆರಳನ್ನು ನೇರಳೆಯತ್ತ, ಬೆಳಕನ್ನು ಕಿತ್ತಳೆಯತ್ತ ಸರಿಸುತ್ತಾರೆ. ಬಯಲಿನಲ್ಲಿ ಬಿಸಿಲು ಹಳದಿಯ ಛಾಯೆ ತರುತ್ತದೆ, ನೆರಳಿಗೆ ಆಕಾಶದ ನೀಲಿ ತಾಗುತ್ತದೆ. ಕಣ್ಣಿಗೆ ಇದು ರೂಢಿ. ಇಂತಹ ಮೂರು ನಾಲ್ಕು ಮಜಲುಗಳು ಒಂದು ಅಂಗಿಗೆ ಧಾರಾಳ. ಒಂದರ ನೆರಳೇ ಇನ್ನೊಂದರ ಬೆಳಕಾಗಿ ಒದಗಿದರೆ ಮತ್ತಷ್ಟು ಉಳಿತಾಯ.

ಇಂದಿನ ಗಣಕಗಳು 1.6 ಕೋಟಿಗೂ ಮಿಕ್ಕ ಬಣ್ಣಗಳನ್ನು ತೋರಬಲ್ಲವು. ಆದರೂ ಪಿಕ್ಸೆಲ್ ಚಿತ್ರಕಾರರಲ್ಲಿ ಹಲವರು ತಾವಾಗಿಯೇ 16 ಬಣ್ಣಗಳಿಗೆ ಕಟ್ಟುಬೀಳುತ್ತಾರೆ. ಬರೆದ ಮೇಲೆ ಚಿತ್ರವನ್ನು ಒಮ್ಮೆ ಬೂದುಬಣ್ಣಕ್ಕೆ ಇಳಿಸಿ ನೋಡುವುದು ಅವರ ವಾಡಿಕೆ. ಆಗ ಮೀಸೆ ಮುಖದೊಳಗೆ ಕರಗಿಹೋದರೆ, ಬಣ್ಣವನ್ನು ಮತ್ತೆ ಆರಿಸಬೇಕು.